ಎಲ್ಲಾ ಅಳತೆಯ ಗುಂಡಿ ಮಾಡಿಕೊಡಲಾಗುವುದು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಹೆಂಗಸೊಬ್ಬರು ತೆಂಗಿನ ಕರಟವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಗಾಜಿನ ಚೂರಿನಿಂದ ಅದರ ಮೈಮೇಲಿನ ನಾರು ಹೆರೆಯುತ್ತಿದ್ದಾರೆ. ಕರ್ ಕರ್ ಸದ್ದಿಗೆ ಒಳಗೆ ಮಲಗಿದ್ದ ಅತ್ತೆಗೆ ಎಚ್ಚರವಾಗುತ್ತದೆ.

"ಶುರುವಾಯ್ತಾ ನಿನ್ನ ಸಂಗೀತ?"

"ಇನ್ನೊಂದೇ ಕರಟ ಅತ್ತೆ, ಮುಗೀತು," ಎನ್ನುತ್ತಾರೆ ಸೊಸೆ. ಪಕ್ಕದ ಬುಟ್ಟಿಯಲ್ಲಿ ಇನ್ನೂ ಹದಿನೇಳು ಕರಟಗಳಿವೆ.

ಬೀದಿಯವರ ಬಾಯಲ್ಲಿ ಇವರು ಗುಂಡಿಯಕ್ಕ. ವಯಸ್ಸು ಮೂವತ್ತೆಂಟು. ಕರಟ ಕತ್ತರಿಸಿ, ಉಜ್ಜಿ, ತೂತು ಕೊರೆದು ಅಂಗಿಯ ಗುಂಡಿ ಮಾಡುವುದು ಇವರ ಕಸುಬು. ಕಸುಬಿಗೆ ಇನ್ನೂ ಮೂರೇ ತಿಂಗಳು. ಅದು ಉಳಿಯುತ್ತದೋ ಇಲ್ಲವೋ ಎನ್ನುವುದು ಇವತ್ತು ಸಂಜೆಯೊಳಗೆ ಗೊತ್ತಾಗಬೇಕು. ಆರು ಗಂಟೆಗೆ ಹಳೆಯ ಕಾರ್ಖಾನೆಯ ಸೂಪರ್‌ವೈಸರ್ ಫೋನ್ ಮಾಡುತ್ತಾರೆ. ಬರ್ತೀಯೋ ಇಲ್ಲವೋ ಎಂದು ಕೇಳುತ್ತಾರೆ.

ಹದಿನಾಲ್ಕು ವರ್ಷ ಗುಂಡಿಯಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಯಂತ್ರದ ಮುಂದೆ ಕೂತವರು. ದಿನಕ್ಕೆ ಎರಡು ಸಾವಿರಕ್ಕೆ ಕಡಿಮೆಯಿಲ್ಲ. "ಅಷ್ಟು ಹಚ್ಚಿದೀನಲ್ಲ, ಅದನ್ನ ಹಾಕ್ಕೊಂಡೋರ ಒಬ್ಬರ ಮುಖಾನೂ ನಾ ಕಂಡಿಲ್ಲ," ಎನ್ನುತ್ತಾರೆ. ಕಾರ್ಖಾನೆ ಇದ್ದಕ್ಕಿದ್ದಂತೆ ಬೇರೆ ಊರಿಗೆ ಗಂಟುಮೂಟೆ ಕಟ್ಟಿತು. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಕೆಲಸ ಬೇಕಾದರೆ ಅಲ್ಲೇ ಹಾಸ್ಟೆಲಿನಲ್ಲಿರಬೇಕು, ತಿಂಗಳಿಗೊಮ್ಮೆ ಮನೆ. ಮಗಳಿಗಿನ್ನೂ ಒಂಬತ್ತು ವರ್ಷ.

"ಮೂರು ತಿಂಗಳು ಟೈಮ್ ಕೊಡಿ ಸಾರ್ ಅಂದೆ. ಆಮೇಲೆ ಮನೇಲಿ ಅತ್ತೆ ಇನ್ನೊಂದು ಷರತ್ತು ಹಾಕಿದ್ರು. ಐವತ್ತು ಗಿರಾಕಿ ಆಗ್ಬೇಕು, ಒಂದು ಕಡಿಮೆ ಆದ್ರೂ ಬ್ಯಾಗು ಕಟ್ಟು ಅಂತ." ಅತ್ತೆಯದು ಕಲ್ಲು ಮನಸ್ಸೇನಲ್ಲ. ಮಗನದು ಗೋಡೆಗೆ ಬಣ್ಣ ಬಳಿಯುವ ಕೆಲಸ, ಮಳೆ ಹಿಡಿದರೆ ಕೈಕಟ್ಟಿ ಕೂರಬೇಕು. ಮನೆ ನಡೆಯುವುದು ಹೇಗೆ ಎಂಬ ಚಿಂತೆ ಅವರಿಗಲ್ಲದೆ ಇನ್ನಾರಿಗೆ?

ಕರಟ ಸಿಕ್ಕಿದ್ದು ಎಣ್ಣೆ ಮಿಲ್ಲಿನ ಹಿಂದೆ. ರಾಶಿ ಬಿದ್ದಿತ್ತು, ಬೇಕಾದಷ್ಟು ತಗೊಂಡು ಹೋಗಮ್ಮ ಎಂದರು. ಮೊದಲ ಮೂಟೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಲೆ ಚಚ್ಚಿಕೊಂಡರಂತೆ. "ಇಷ್ಟು ವರ್ಷ ದುಡಿದಿದ್ದಕ್ಕೆ ಕೊನೆಗೆ ಕೈಗೆ ಚಿಪ್ಪು ಬಂತು ನೋಡು!"

"ನಂಗೆ ಬೇಕಾಗಿರೋದೂ ಚಿಪ್ಪೇ ಅತ್ತೆ," ಎಂದಿದ್ದರು ಸೊಸೆ.

ಮಾತೇನೋ ಜೋರಾಗಿ ಆಡಿದ್ದಾಯಿತು. ಕೆಲಸ ಮಾತ್ರ ಮೊದಲ ಹೆಜ್ಜೆಯಲ್ಲೇ ಎಡವಿತು. ವೃತ್ತಾಕಾರವಾಗಿ ಕತ್ತರಿಸುವ ಬ್ಲೇಡು ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದದ್ದು ಒಂದೇ ಅಳತೆಯದು, ಅದೂ ದೊಡ್ಡದು. ಇರಲಿ ಎಂದು ಅದರಲ್ಲೇ ಇನ್ನೂರ ನಲವತ್ತು ಗುಂಡಿ ಕತ್ತರಿಸಿದರು. ಹೆಬ್ಬೆರಳಿಗಿಂತ ಅಗಲ, ಕರಟದ ಬಾಗು ಹಾಗೇ ಉಳಿದು ಪುಟ್ಟ ತಟ್ಟೆಯ ಹಾಗೆ. ಊರಿನ ದರ್ಜಿಗಳೆಲ್ಲ ಮೂಗು ಮುರಿದರು. "ಇದೇನಮ್ಮ, ಅಂಗಿಗೆ ಹಚ್ಚೋದಾ, ಡಬ್ಬಿಗೆ ಮುಚ್ಚೋದಾ?" ಎಂದು ನಕ್ಕವರೂ ಇದ್ದರು. ಒಂದು ತಿಂಗಳು ಹೋಯಿತು, ಗಿರಾಕಿ ಸೊನ್ನೆ.

ಹೆಂಡತಿಯ ಸಪ್ಪೆ ಮುಖ ನೋಡಲಾರದೆ ಗಂಡ, ಬೇರೆ ಅಳತೆಯ ಬ್ಲೇಡೂ ತರಿಸೋಣ ಎಂದು ಹೇಳಿ, ಬೋರ್ಡು ಬರೆಯಲು ಹೊರಟರು. ಹಳೇ ಬಾಗಿಲ ಹಲಗೆ, ಹಳದಿ ಬಣ್ಣ, ದುಂಡನೆಯ ಅಕ್ಷರ. 'ಇಲ್ಲಿ ಎಲ್ಲಾ ಅಳತೆಯ ಅಂಗಿ ಗುಂಡಿ ಮಾಡಿಕೊಡಲಾಗುವುದು' ಎಂದು ಬರೆಯಬೇಕಿತ್ತು. ಅಕ್ಷರ ಚೆಂದ ಕಾಣಲೆಂದು ದಪ್ಪ ದಪ್ಪಗೆ ಬರೆದು, ಹಲಗೆ ಸಾಲದೆ, 'ಅಂಗಿ'ಯೊಂದನ್ನು ಕೈಬಿಟ್ಟರು.

ಮರುದಿನವೇ ಗಿರಾಕಿಗಳು ಬರತೊಡಗಿದರು! ಒಬ್ಬರಿಗೆ ನೀರಿನ ಪೈಪಿಗೆ ಗುಂಡಿ ಬೇಕು. ಇನ್ನೊಬ್ಬರು, "ಎಷ್ಟಡಿ ಆಳದವರೆಗೂ ತೋಡ್ತೀರಿ?" ಎಂದು ಕೇಳಿದರು. ಮೂರನೆಯವರಂತೂ ಜಗಳಕ್ಕೇ ನಿಂತರು. ಬೀದಿ ತುಂಬಾ ಗುಂಡಿ ಇರುವಾಗ ಇನ್ನೂ ಮಾಡಿಕೊಡುತ್ತೀರಾ, ಇರೋದನ್ನ ಮೊದಲು ಮುಚ್ಚಿ ಎಂದು. ಗಂಡ ನಾಲಿಗೆ ಕಚ್ಚಿಕೊಂಡರು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಗುಂಡಿಯಕ್ಕ ಮಾತ್ರ ಹಿತ್ತಿಲಿಗೆ ಹೋಗಿ ಅತ್ತು ಬಂದರು.

ಹಾಗೆ ಗುಂಡಿ ಕೇಳಿಕೊಂಡು ಬಂದ ಆರನೆಯವರೇ ನಿವೃತ್ತ ಪೋಸ್ಟ್‌ಮ್ಯಾನ್. ನಿಂಬೆಗಿಡ ನೆಡಲು ಗುಂಡಿ ತೋಡುವವರು ಬೇಕಾಗಿತ್ತು ಅವರಿಗೆ. ಗುಂಡಿಯಕ್ಕನ ಕಣ್ಣು ಹೋದದ್ದು ಅವರ ಅಂಗಿಯ ಮೇಲೆ. ಗುಂಡಿಗಳ ಜಾಗದಲ್ಲಿ ಐದು ಪಿನ್ನು.

"ಕೈ ನಡುಗುತ್ತಮ್ಮ, ಗುಂಡಿ ಹಾಕ್ಕೊಳೋಕಾಗಲ್ಲ," ಎಂದರಂತೆ ತಾತ. "ಸೊಸೆ ಆಫೀಸಿಗೆ ಹೋಗೋ ಮುಂಚೆ ಪಿನ್ನು ಚುಚ್ಚಿ ಹೋಗ್ತಾಳೆ. ಎಷ್ಟೇ ಸೆಕೆ ಆದ್ರೂ ಅವಳು ವಾಪಸ್ ಬರೋವರೆಗೂ ಹೀಗೇ."

ಗುಂಡಿಯಕ್ಕ ಅಂಗಿ ಬಿಚ್ಚಿಸಿಕೊಂಡು ಅಲ್ಲೇ ಕೂತರು. ದರ್ಜಿಗಳು ಬೇಡವೆಂದ ಗುಂಡಿಗಳಲ್ಲಿ ಐದನ್ನು ಆರಿಸಿದರು. ಕಾಜಾಗಳನ್ನು ಕತ್ತರಿಸಿ ಅಗಲ ಮಾಡಿ, ಅಂಚು ಹೊಲಿದರು. ಗುಂಡಿಯ ಬುಡಕ್ಕೆ ದಾರವನ್ನು ಸುತ್ತಿ ಸುತ್ತಿ ಬಟ್ಟೆಯಿಂದ ಸ್ವಲ್ಪ ಮೇಲೆತ್ತಿದರು. "ಗುಂಡಿಗೆ ಕತ್ತು ಬೇಕು. ಯಂತ್ರ ಬಟ್ಟೆಗೆ ಅಂಟಿಸಿಬಿಡುತ್ತೆ, ಬೆರಳಿಗೆ ಸಿಗೋದೇ ಇಲ್ಲ," ಎಂದು ವಿವರಿಸುತ್ತಾರೆ. ಕರಟದ ಆ ಬಾಗಿನ ಅಂಚಿಗೆ ಬೆರಳು ತಾನಾಗಿ ಸಿಕ್ಕಿಕೊಳ್ಳುತ್ತದೆ. ತಾತ ಐದೂ ಗುಂಡಿ ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು. ನಿಂಬೆಗಿಡದ ವಿಷಯ ಮರೆತು ಹೊರಟೇಹೋದರು.

ಮರುದಿನ ಗುಂಡಿಯಕ್ಕನೇ ಗುದ್ದಲಿ ಹಿಡಿದು ಅವರ ಮನೆಗೆ ಹೋಗಿ ಗುಂಡಿ ತೋಡಿಕೊಟ್ಟು ಬಂದರು. "ಮತ್ತೇನು, ಬೋರ್ಡು ಹಾಕಿದ ಮೇಲೆ ಮಾಡ್ಕೊಡಬೇಕಲ್ಲ!"

ಗಿರಾಕಿ ಹುಡುಕಿಕೊಟ್ಟವರೂ ಆ ತಾತನೇ. ಮೂವತ್ತೈದು ವರ್ಷ ಮನೆ ಮನೆ ತಿರುಗಿದವರು, ಮನೆಗಳ ಒಳಗುಟ್ಟು ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. "ಯಾರ ಕೈ ನಡುಗುತ್ತೆ ಅಂತ ನನ್ನ ಕೇಳಿ," ಎನ್ನುತ್ತಾರೆ. "ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಿಸ್ಕೋತಿದ್ದೆನಲ್ಲ. ವರ್ಷ ವರ್ಷಕ್ಕೂ ಸಹಿ ಸೊಟ್ಟಗಾಗೋದು ಕಾಣೋದು. ಆಗ ಏನೂ ಹೇಳ್ತಿರಲಿಲ್ಲ, ಅವರಿಗೆ ಬೇಜಾರಾಗುತ್ತೆ ಅಂತ." ಈಗ ಅದೇ ಹಳೆಯ ದಾರಿಯಲ್ಲಿ, ಕರಟದ ಗುಂಡಿಯ ಅಂಗಿ ತೊಟ್ಟು, ಬಾಗಿಲು ಬಾಗಿಲು ತಟ್ಟುತ್ತಾರೆ.

ಈಗ ದಿನಕ್ಕೆ ನಲವತ್ತು ಗುಂಡಿಯಾದರೆ ಹೆಚ್ಚು. ಒಂದು ಕರಟದಲ್ಲಿ ಏಳೆಂಟು ಸಿಗುತ್ತವೆ, ತೂತು ಕೊರೆಯುವಾಗ ಒಂದೆರಡು ಸೀಳುತ್ತವೆ. ಕತ್ತರಿಸಿದ ಮೇಲೆ ಮೂರು ಬಗೆಯ ಉಜ್ಜುಕಾಗದ, ಕೊನೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಎಣ್ಣೆ ತಾಗಿದೊಡನೆ ಬೂದುಬಣ್ಣದ ಚೂರು ಕಪ್ಪಗೆ ಮಿನುಗುತ್ತದೆ. ಗುಂಡಿಯಕ್ಕನ ಉಗುರುಗಳ ಸಂದಿಯಲ್ಲಿ ಕಂದು ಪುಡಿ ಸದಾ ಮನೆ ಮಾಡಿಕೊಂಡಿರುತ್ತದೆ.

ಸಂಜೆ ಐದು ಮುಕ್ಕಾಲು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗಿರಾಕಿಗಳ ಪಟ್ಟಿಯಿದೆ. ಎಣಿಸಿದರೆ ನಲವತ್ತೇಳು. ಜಗುಲಿಯ ಮೇಲೆ ಪೋಸ್ಟ್‌ಮ್ಯಾನ್ ತಾತ ಕಣ್ಣುಮುಚ್ಚಿ ಬೀದಿಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತುತ್ತಾ ಇನ್ನು ಮೂವರನ್ನು ಹುಡುಕುತ್ತಿದ್ದಾರೆ. ಗಂಡ ಬ್ರಷ್ಷು ತೊಳೆಯುತ್ತಿದ್ದಾರೆ. ಗುಂಡಿಯಕ್ಕ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾರೆ. ಬೆಳಿಗ್ಗೆ ಹಾಕಿದ್ದ ಜಡೆ ಚೆನ್ನಾಗಿಯೇ ಇತ್ತು.

ಫೋನು ಬಡಿದುಕೊಳ್ಳುತ್ತದೆ. ಗುಂಡಿಯಕ್ಕನ ಕೈಯಲ್ಲಿ ಜಡೆ, ಬಿಡುವಂತಿಲ್ಲ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಫೋನು ಎತ್ತಿಕೊಳ್ಳುತ್ತಾರೆ.

"ಹಲೋ. ನಾನು ಅವಳ ಅತ್ತೆ. ಇಲ್ಲ ಸ್ವಾಮಿ, ಅವಳು ಬರೋಕಾಗಲ್ಲ. ಇಲ್ಲಿ ಗುಂಡಿ ಕೆಲಸ ಬಹಳ ಇದೆ."

ಆ ಕಡೆಯಿಂದ, "ಗುಂಡಿನಾ? ರಸ್ತೆ ಕೆಲಸನಾ?" ಎಂಬ ದನಿ ಜಗುಲಿಯವರೆಗೂ ಕೇಳುತ್ತದೆ. "ಹೂಂ, ಅದೇ ಅಂತಿಟ್ಕೊಳ್ಳಿ," ಎಂದು ಅತ್ತೆ ಫೋನ್ ಇಟ್ಟೇಬಿಡುತ್ತಾರೆ.

"ಅತ್ತೆ, ಇನ್ನೂ ಮೂರು ಕಡಿಮೆ ಇದೆಯಲ್ಲ," ಎನ್ನುತ್ತಾರೆ ಸೊಸೆ, ಅರ್ಧ ಹೆಣೆದ ಜಡೆ ಹಿಡಿದುಕೊಂಡೇ.

ಅತ್ತೆ ಒಳಗೆ ಹೋಗಿ, ತಮ್ಮದೊಂದು ರವಿಕೆ ತಂದು ಸೊಸೆಯ ತೊಡೆಯ ಮೇಲೆ ಎಸೆಯುತ್ತಾರೆ. "ಎರಡು ಅನ್ನು. ಎರಡು ವರ್ಷ ಆಯ್ತು ನಂಗೆ ಹುಕ್ಕು ಹಾಕ್ಕೊಳೋಕೆ ಬೆರಳು ಬಗ್ಗದೆ. ದಿನಾ ಮೊಮ್ಮಗಳ ಹತ್ರ ಹಾಕಿಸ್ಕೋತೀನಿ, ಯಾರಿಗೂ ಹೇಳ್ಬೇಡ ಅಂದಿದ್ದೆ."

ಮಗಳು ತಲೆ ತಗ್ಗಿಸಿ ನಗುತ್ತಾಳೆ. ಗುಂಡಿಯಕ್ಕ ಜಡೆ ಬಿಡುತ್ತಾರೆ. ಅತ್ತೆಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಎಷ್ಟು ದೊಡ್ಡ ಗುಂಡಿ ಬೇಕೆಂದು ಅಂದಾಜು ಮಾಡುತ್ತಾರೆ.

ಬೋರ್ಡಿನಲ್ಲಿ ಬಿಟ್ಟುಹೋದ 'ಅಂಗಿ'ಯನ್ನು ಈಗಲಾದರೂ ಸೇರಿಸುತ್ತೇನೆ ಎಂದು ಗಂಡ ಬ್ರಷ್ಷು ಎತ್ತಿದರೆ ಗುಂಡಿಯಕ್ಕ ತಡೆಯುತ್ತಾರೆ. "ಬೇಡ ಬಿಡಿ. ತಪ್ಪು ತಿಳ್ಕೊಂಡು ಬಂದೋರ ಅಂಗೀನೂ ನೋಡಿದ ಹಾಗಾಗುತ್ತೆ."

ಹಾಗಾದರೆ ಮುಂದಿನ ಆಸೆ? ದಾರ ಪೋಣಿಸುತ್ತಾ, ಸೂಜಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ದೊಡ್ಡದೇನಿಲ್ಲ. ನಾಳೆ ಬೆಳಿಗ್ಗೆ ಅತ್ತೆ ಯಾರನ್ನೂ ಕರೀದೆ, ತಾವೇ ರವಿಕೆ ಹಾಕ್ಕೊಂಡು ಹಿತ್ತಿಲಿಗೆ ಬಂದು ನನ್ನ ಸಂಗೀತಕ್ಕೆ ಬೈಬೇಕು. ಅಷ್ಟಾದ್ರೆ ಸಾಕು."