ಹಬೆಯ ಸದ್ದು ಬಲ್ಲ ಮಾಲ್‌ಸುನ್

ಬೆಳಗಿನ ಐದೂವರೆ. ದಕ್ಷಿಣ ಕೊರಿಯಾದ ಜೊಂಜು ಊರಾಚೆಯ ಕಾಗದದ ಕಾರ್ಖಾನೆಯಲ್ಲಿ ಪ್ಯೋ ಮಾಲ್‌ಸುನ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಬೆಯ ಕೊಳವೆಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಾರೆ. ನಾನು ಏನೋ ಕೇಳಹೋದೆ. "ಶ್! ಸ್ವಲ್ಪ ಬಾಯಿ ಮುಚ್ಕೊಳ್ಳಿ ಪತ್ರಕರ್ತರೇ" ಎಂದು ಗದರಿದರು. ಆಮೇಲೆ ಕೊಳವೆಯ ಮೇಲೆ ಹಳದಿ ಸೀಮೆಸುಣ್ಣದ ಗೆರೆ ಎಳೆದರು. "ಇಲ್ಲಿ ವಾಲ್ವು ಸರಿಯಾಗಿ ಕೂತಿಲ್ಲ. ಹಬೆ ಸುಮ್‌ಸುಮ್ನೆ ಹೋಗ್ತಾ ಇದೆ."

ಹಬೆ ಪೋಲಾದಷ್ಟೂ ಬಾಯ್ಲರಿಗೆ ಹೆಚ್ಚು ಕಲ್ಲಿದ್ದಲು ಬೇಕು. ಅದನ್ನು ತಡೆಯಲು ಈ ಅರವತ್ತರ ಹೆಂಗಸು ದಿನಾ ನಾಲ್ಕು ಕಿಲೋಮೀಟರ್ ನಡೆದು ಇನ್ನೂರ ಹತ್ತು ವಾಲ್ವುಗಳಿಗೆ ಕಿವಿಗೊಡುತ್ತಾರೆ. ಬಾಯ್ಲರ್ ಕೆಲಸದ ಗಂಡ ತೀರಿಕೊಂಡಾಗ ಕಸ ಗುಡಿಸಲು ಬಂದವರು ಅವರು. ಗುಡಿಸುತ್ತಲೇ ಸೋರುವ ಸದ್ದುಗಳನ್ನು ಗುರುತಿಸತೊಡಗಿದರು. ಮೂವತ್ತೊಂದು ವರ್ಷ ಆಯಿತು.

ಆಗ ಪಕ್ಕದ ಹೊಳೆಯ ದಂಡೆಯಲ್ಲಿ ಏಳು ಕಾರ್ಖಾನೆಗಳಿದ್ದವು, ಈಗ ಎರಡು. ಸಂಬಳದ ದಿನ ಕೆಲಸಗಾರರು ಗೇಟಿನಾಚೆ ಮಕ್‌ಗೊಲ್ಲಿ ಎಂಬ ಅಕ್ಕಿ ಹೆಂಡ ಕುಡಿದು ಹಾಡುತ್ತಿದ್ದರಂತೆ. ಸೋರುವ ಕೊಳವೆಯೊಂದರ ಕೆಳಗೆ ಎಲ್ಲರೂ ಗೆಣಸು ಬೇಯಿಸಿಕೊಳ್ಳುತ್ತಿದ್ದರು. ಅದನ್ನು ಮುಚ್ಚಿಸಿದವರೂ ಇವರೇ! "ಮೂರು ದಿನ ಯಾರೂ ನನ್ನ ಹತ್ರ ಮಾತಾಡ್ಲಿಲ್ಲ. 'ನಮ್ಮ ಗೆಣಸಿಗೆ ಕಲ್ಲು ಹಾಕಿದ್ಯಲ್ಲೇ ಮಹಾತಾಯಿ' ಅಂತ ಬೈದ್ರು. ಈಗ ಬೈಯೋಕೂ ಅವರಿಲ್ಲ ನೋಡಿ."

ಹತ್ತು ವರ್ಷದ ಕೆಳಗೆ ಸರ್ಕಾರ ಹೊಗೆಗೆ ಬೆಲೆ ಕಟ್ಟಿತು. ಪರವಾನಗಿ ಇದ್ದಷ್ಟೇ ಇಂಗಾಲ ಬಿಡಬಹುದು, ಮಿಕ್ಕರೆ ಮಾರಬಹುದು, ಸಾಲದಿದ್ದರೆ ಕೊಳ್ಳಬೇಕು. ಆದರೆ ಮೊದಲ ಸಲ ಹಂಚಿದ್ದು, ಅಲ್ಲಿಯವರೆಗೆ ಯಾರು ಎಷ್ಟು ಹೊಗೆ ಬಿಟ್ಟಿದ್ದರೋ ಅದರ ಲೆಕ್ಕದ ಮೇಲೆ, ಅದೂ ಪುಕ್ಕಟೆ! ಹಬೆ ಸೋರಿಸಿಕೊಂಡಿದ್ದ ಪಕ್ಕದ ಕಾರ್ಖಾನೆಗೆ ರಾಶಿ ಪರವಾನಗಿ, ಉಳಿತಾಯ ಮಾಡಿದ್ದ ಈ ಕಾರ್ಖಾನೆಯವರಿಗೆ ಚೂರುಪಾರು. ಅವರು ಮಿಕ್ಕಿದ್ದನ್ನು ಮಾರಿ ನೋಟ್‌ಬುಕ್ ಕಾಗದದ ಬೆಲೆ ಇಳಿಸಿದರು, ಇವರ ಗಿರಾಕಿಗಳನ್ನು ಸೆಳೆದರು. ಇದೆಂಥ ನ್ಯಾಯ ರೀ? ಇಲ್ಲಿ ಎರಡು ಯಂತ್ರ ನಿಂತವು. ಉಳಿದೊಂದು ಯಂತ್ರವನ್ನು ಎಪ್ಪತ್ತು ಮನೆಗಳು ನಂಬಿಕೊಂಡವು.

"ಕ್ಯಾಂಟೀನಲ್ಲಿ ಜೊತೆ ಕೆಲಸದವರು 'ಅಕ್ಕ, ನೀವು ಕಿವುಡಿ ಆಗಿದ್ರೆ ನಾವು ಬದುಕ್ತಿದ್ವಿ' ಅಂದ್ರು. ತಮಾಷೆಗೇ ಅಂದಿದ್ದು. ಮನೆಗೆ ಹೋಗಿ ಅತ್ಬಿಟ್ಟೆ" ಎನ್ನುತ್ತಾರೆ ಮಾಲ್‌ಸುನ್.

ಈಗ ನಿಯಮ ಬದಲಾಗಿದೆ. ಒಂದು ಟನ್ ಕಾಗದಕ್ಕೆ ಎಷ್ಟು ಹೊಗೆ ಎಂದು ನೋಡಿ ಹಂಚುತ್ತಾರೆ. ಈ ವರ್ಷ ಇವರಿಗೆ ಸಾಕಾಗುವಷ್ಟು ಸಿಕ್ಕಿತು, ಯಂತ್ರ ಉಳಿಯಿತು. ಪಕ್ಕದವರು ಪರದಾಡತೊಡಗಿದರು. ಚುಸೊಕ್ ಎಂಬ ಸುಗ್ಗಿ ಹಬ್ಬಕ್ಕೆ ಅವರ ಮೇಸ್ತ್ರಿ ಪೇರ್ ಹಣ್ಣಿನ ಪೆಟ್ಟಿಗೆ ಹೊತ್ತು ಮಾಲ್‌ಸುನ್ ಮನೆಗೇ ಬಂದ. ನಮ್ಮ ಕೊಳವೆಗಳನ್ನೂ ಒಮ್ಮೆ ಕೇಳಿ ಅಂದ.

"ಪೆಟ್ಟಿಗೆ ವಾಪಸ್ ಕಳಿಸ್ದೆ. ಈ ಸಮವಸ್ತ್ರ ಮೈಮೇಲಿರೋವರೆಗೂ ಆಗಲ್ಲ. ಡಿಸೆಂಬರ್‌ಗೆ ನಿವೃತ್ತಿ, ಆಮೇಲೆ ಬರ್ತೀನಿ ಅಂದೆ."

ಇದನ್ನು ಕೇಳಿ ಇಲ್ಲಿನ ಮ್ಯಾನೇಜರ್ ಬಿನ್ ಹೌಹಾರಿದ್ದಾರೆ. "ಹೋಗೋದಾದ್ರೆ ಕಿವಿ ಎರಡನ್ನೂ ಇಲ್ಲೇ ಬಿಟ್ಟು ಹೋಗಿ ಅಕ್ಕ!"

ಪಕ್ಕದವರ ಸೋರಿಕೆ ಹಿಡಿದುಕೊಟ್ಟರೆ ನಿಮ್ಮ ಕಾರ್ಖಾನೆ ಮತ್ತೆ ಸೋಲಬಹುದಲ್ಲ ಎಂದು ನಾನೂ ಕೇಳಿದೆ. ಮಾಲ್‌ಸುನ್ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದರು.

"ಅವರು ಸೋರಿಸಿದ್ದಕ್ಕೆ ನಾವು ಸೋತಿದ್ದು ಸಾಕು. ಇನ್ನು ಸೋತ್ರೆ, ಅವರ ಕಾಗದ ನಮ್ಮದಕ್ಕಿಂತ ಚೆನ್ನಾಗಿದೆ ಅಂತ ಸೋಲೋಣ. ಅದಕ್ಕೆ ನಂಗೇನೂ ಬೇಜಾರಿಲ್ಲ." ಮುಂದಿನ ಕೊಳವೆಯತ್ತ ನಾಲ್ಕು ಹೆಜ್ಜೆ ಹಾಕಿ ತಿರುಗಿದರು. "ಆದ್ರೆ ನಮ್ಮ ಕಾಗದಾನೇ ಚೆನ್ನಾಗಿರೋದು, ಬರ್ಕೊಳ್ಳಿ."