ಚಿದಂಬರರ ನಲವತ್ತು ಫಾರ್ಮುಗಳು

ಚಿದಂಬರ ಇಪ್ಪತ್ತೆರಡು ವರ್ಷಗಳಿಂದ ದೆಹಲಿಯ ಮನೆಮನೆ ಹತ್ತಿಳಿದು ಸರ್ವೇ ಫಾರ್ಮು ತುಂಬಿಸಿಕೊಂಡು ಬರುವ ಕೆಲಸದಲ್ಲಿದ್ದರು. ಯಾವ ಸೋಪು, ಯಾವ ಟೂತ್‌ಪೇಸ್ಟು, ಯಾಕೆ ಕೊಂಡಿರಿ ಎಂದು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ಈವರೆಗೆ ಅವರು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರಲೋಕ ಮುಟ್ಟಿ, ಅಲ್ಲಿ ಯಾರಾದರೂ ಬಾಗಿಲು ತೆಗೆದರೆ ಅವರ ಸೋಪನ್ನೂ ವಿಚಾರಿಸಿಕೊಂಡು ಬರಬಹುದಿತ್ತು. ಅವರನ್ನು ಕಚ್ಚದ ನಾಯಿ ರೋಹಿಣಿ ಬಡಾವಣೆಯಲ್ಲಿ ಇದ್ದರೆ ಅದು ಕಳೆದ ವಾರ ಹುಟ್ಟಿದ್ದಿರಬೇಕು. ಇಷ್ಟಾದರೂ ಮರದ ಕೆಳಗೆ ಕೂತು ಒಂದೇ ಒಂದು ಫಾರ್ಮನ್ನು ತಾವೇ ತುಂಬಿದವರಲ್ಲ. ಆಸ್ತಿ ಅಂತ ಅವರಿಗಿದ್ದದ್ದು ಆ ಹೆಸರೊಂದೇ.

ಈ ಸಲ ಆ ಹೆಸರಿಗೇ ಕುತ್ತು ಬಂತು. ಅಡುಗೆಮನೆ ಸಾಮಾನು ಕೊಳ್ಳುವವರ ಮೇಲೆ ಸೋಷಿಯಲ್ ಮೀಡಿಯಾದ ಪ್ರಭಾವ ಎಷ್ಟು ಎಂಬ ಸರ್ವೇ. ಕಂಪನಿಯವರು ಫೋನಿನಲ್ಲಿ ರೀಲ್ಸುಗಳ ನಡುವೆ ಹರಿಯಬಿಟ್ಟ ಫಾರ್ಮಿನಲ್ಲಿ ನೂರಕ್ಕೆ ಎಂಬತ್ತೊಂದು ಮಂದಿ ರೀಲ್ಸ್ ನೋಡಿಯೇ ಕೊಂಡೆವು ಎಂದಿದ್ದರು. ಚಿದಂಬರ ಮಯೂರ್ ವಿಹಾರದಲ್ಲಿ ಕನ್ನಡಿಗರೇ ಹೆಚ್ಚಿರುವ ಒಂದು ಹೌಸಿಂಗ್ ಸೊಸೈಟಿಯಿಂದ ತಂದ ನಲವತ್ತರಲ್ಲಿ ಹಾಗೆಂದವರು ಮೂವರು. ಉಳಿದ ಮೂವತ್ತೇಳರಲ್ಲೂ ‘ಪರಿಚಿತರು ಹೇಳಿದ್ದರಿಂದ’ ಎಂಬ ಒಂದೇ ಉತ್ತರ. ಗುರುಗ್ರಾಮದ ಆಫೀಸಿನಿಂದ ತಪಾಸಣೆಗೆ ಹರ್ಷಿಣಿ ಬಂದಳು. ದಾವಣಗೆರೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ.

“ಬೇಜಾರು ಮಾಡ್ಕೋಬೇಡಿ ಸರ್. ಫಾರ್ಮು ಸುಳ್ಳು ಅಂತಾದ್ರೆ ಲಿಸ್ಟಿಂದ ನಿಮ್ಮ ಹೆಸರು ತೆಗೀಬೇಕು ಅಂದಿದ್ದಾರೆ.”

“ಚಲೋ, ಮನೆಗಳಿಗೇ ಹೋಗಿ ಕೇಳೋಣಮ್ಮ. ಆದ್ರೆ ರೀಲ್ಸ್ ನೋಡ್ತಿರೋರನ್ನೇ ಹಿಡಿದು ರೀಲ್ಸ್ ಬಗ್ಗೆ ಕೇಳೋದು, ಬಾರ್ ಒಳಗೆ ನಿಂತು ಯಾರ್ಯಾರು ಕುಡೀತೀರಪ್ಪಾ ಅಂದ ಹಾಗಲ್ವಾ?”

ಹರ್ಷಿಣಿ ನಗು ತಡೆದುಕೊಂಡಳು.

ಮೊದಲ ಮನೆ ಶಾಂತಮ್ಮನವರದು. ಒಲೆಯ ಮೇಲೆ ಹಸಿರು ಬಣ್ಣದ ಹೊಸ ಕಾವಲಿ, ಪಡ್ಡಿನದು.

“ರೀಲ್ಸಾ? ಅದನ್ನೆಲ್ಲ ಯಾರು ನೋಡ್ತಾರಮ್ಮ,” ಎಂದರು ಶಾಂತಮ್ಮ, ಕೈಯಲ್ಲಿದ್ದ ಫೋನಿನ ಸದ್ದು ತಗ್ಗಿಸುತ್ತಾ. “ಸುಮಿತ್ರಾ ಹೇಳಿದ್ಲು, ತಗೊಂಡೆ. ಕೂತ್ಕೊಳ್ಳಿ, ಬಿಸಿ ಪಡ್ಡು ಆಗ್ತಿದೆ.”

ಎರಡನೇ ಮನೆಯಲ್ಲೂ ಅದೇ ಕಾವಲಿ, ಅದೇ ಸುಮಿತ್ರಾ. ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ಅಷ್ಟರಲ್ಲಿ ಅವರಿಬ್ಬರು ತಿಂದಿದ್ದ ಪಡ್ಡುಗಳಿಂದ ಯಮುನೆಗೆ ಇನ್ನೊಂದು ಸೇತುವೆ ಕಟ್ಟಬಹುದಿತ್ತು. ಕೊನೆಗೆ ಇಬ್ಬರೂ ಹೋಗಿ ಸುಮಿತ್ರಾ ಅವರ ಮನೆ ಬಾಗಿಲನ್ನೇ ತಟ್ಟಿದರು.

“ಹೌದು, ವಾಕಿಂಗಲ್ಲಿ ಸಿಕ್ಕೋರಿಗೆಲ್ಲ ನಾನೇ ಹೇಳ್ದೆ,” ಎಂದರು ಸುಮಿತ್ರಾ. “ನನಗೆ ಶನಿವಾರದ ಭಜನೇಲಿ ರತ್ನಾ ಹೇಳಿದ್ದು. ಅವರು ಯಾವುದೋ ರೀಲ್ಸ್ ನೋಡಿ ತರಿಸಿದ್ರಂತೆ.”

“ಯಾವ ರತ್ನಾ?” ಎಂದಳು ಹರ್ಷಿಣಿ.

“ಇವರ ಮನೆಯವರೇ.”

ಚಿದಂಬರರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆರು ತಿಂಗಳಿಂದ ಆ ಪಡ್ಡು ತಿಂದು, ದೆಹಲಿಯ ಜನರನ್ನೆಲ್ಲ ‘ಯಾಕೆ ಕೊಂಡಿರಿ’ ಎಂದು ಕೇಳಲು ಹೋಗುತ್ತಿದ್ದ ಮನುಷ್ಯ ಸ್ವಂತ ಅಡುಗೆಮನೆಗೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಕೂಡಲೇ ಫೋನು ಹಚ್ಚಿ ಸ್ಪೀಕರ್ ಒತ್ತಿದರು.

“ರತ್ನಾ, ಇದು ಆಫೀಸಿನ ಪ್ರಶ್ನೆ. ಪಡ್ಡಿನ ಕಾವಲಿ ಕೊಳ್ಳೋಕೆ ನಿನಗೆ ಪ್ರೇರಣೆ ಏನು?”

“ಏನ್ರೀ ಪ್ರೇರಣೆ? ರೀಲ್ಸಲ್ಲಿ ಕಾಣಿಸ್ತು, ನಿಜ. ಅದನ್ನ ನೋಡಿ ಕೊಳ್ಳೋ ಅಷ್ಟು ಪೆದ್ದೀನಾ ನಾನು? ಹಳೇದು ತಳ ಹತ್ತುತ್ತೆ ಅಂತ ನಿಮಗೆ ಮೂರು ಸಲ ಹೇಳ್ದೆ. ಕೇಳಿಸ್ಕೊಂಡ್ರಾ ನೀವು?”

ಹರ್ಷಿಣಿ ಗೋಡೆ ಹಿಡಿದು ನಕ್ಕಳು. ನಂತರ ತಪಾಸಣೆಯ ಹಾಳೆಯ ಮೇಲೆ ‘ನಲವತ್ತೂ ಸಾಚಾ’ ಎಂದು ಬರೆದು ಸಹಿ ಹಾಕಿದಳು. ಚಿದಂಬರರ ಎದೆಯಿಂದ ಕುತುಬ್ ಮಿನಾರಿನಷ್ಟು ಭಾರ ಇಳಿಯಿತು.

“ಹಾಗಾದ್ರೆ ಆಫೀಸಿನ ಎಂಬತ್ತೊಂದನ್ನ ನಂಬ್ಲಾ, ನಿಮ್ಮ ಮೂರನ್ನ ನಂಬ್ಲಾ ಸರ್?”

“ಜನ ಹಾಗೆ ಹೇಳಿದ್ರು ಅನ್ನೋ ತನಕ ಎರಡನ್ನೂ ನಂಬಮ್ಮ. ಅದಕ್ಕೇ ಕೊಂಡ್ರಾ ಅನ್ನೋದು ರತ್ನಂಗೇ ಸರಿಯಾಗಿ ಗೊತ್ತಿಲ್ಲ, ಗುರುಗ್ರಾಮದೋರಿಗೆ ಎಲ್ಲಿಂದ ಗೊತ್ತಾಗ್ಬೇಕು?”

ಅವತ್ತು ಸಂಜೆ ಚಿದಂಬರ ಮದುವೆಯಾದ ಮೇಲೆ ಮೊದಲ ಬಾರಿಗೆ ತಮ್ಮ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಮನೆಗೆ ಇನ್ನೇನೇನು ಬೇಕು ಎಂದು ಹೆಂಡತಿಯನ್ನು ಕೇಳಿ, ಬರೆದುಕೊಳ್ಳಲು ಪೆನ್ನು ತೆಗೆದರು. ಆ ಉತ್ತರ ಇನ್ನೂ ಮುಗಿದಿಲ್ಲವಂತೆ. ಮೂರನೇ ಪೆನ್ನು ನಡೆಯುತ್ತಿದೆ.