ಅತ್ತೆಯ ಕಪಾಟಿನ ಸದ್ದು

ಮಗಳ ಲ್ಯಾಪ್‌ಟಾಪಿನ ಸದ್ದು ಮೊದಲ ಸಲ ಹೋದದ್ದು ಅತ್ತೆ ತೀರಿಕೊಂಡು ಇನ್ನೂ ಹೆಚ್ಚು ದಿನ ಆಗಿರದಾಗ. ನನ್ನ ಗಂಡ ಮಧ್ಯಾಹ್ನದ ಊಟ ಮುಗಿಸಿ ಗ್ರಾಂಟ್ ರೋಡಿನ ಹೋಟೆಲಿಗೆ ಹೊರಟುಹೋಗಿದ್ದರು. ಅಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ ಅವರದು. ಮಗಳು ಕಾಲೇಜಿನಿಂದ ಬಂದವಳೇ ಹೆಡ್‌ಫೋನ್ ಏರಿಸಿ ಆಟಕ್ಕೆ ಕೂತಿದ್ದಳು. ಇದ್ದಕ್ಕಿದ್ದಂತೆ ಅದನ್ನು ಕಿತ್ತು ತೆಗೆದು, "ಮಮ್ಮಿ, ಆವಾಜ್ ಗಯಾ" ಎಂದಳು. ಹೋದರೆ ಹೋಗಲಿ, ಒಂದಿಷ್ಟು ಶಾಂತಿ ಸಿಕ್ಕಿತು ಎಂದುಕೊಂಡೆ.

ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ನಮ್ಮ ಸಾಂತಾಕ್ರೂಜ್‌ನ ಎರಡು ಕೋಣೆಯ ಮನೆಗೆ ದೊಡ್ಡ ನೆಂಟ. ಕೀಲಿಗಳ ಕೆಳಗೆ ಗಣಪತಿ ಪೆಂಡಾಲಿನ ಹಾಗೆ ಬಣ್ಣದ ದೀಪ, ಒಳಗೆ ಮಿಕ್ಸರಿನ ಹಾಗೆ ಕಿರುಚುವ ಫ್ಯಾನು. ಆದರೆ ಅದರ ಮೇಲೆ ಅವಳ ಜೀವವೇ ನಿಂತಿತ್ತು. ಆಡುವುದಕ್ಕಿಂತ ಆಟದ ಕಾಮೆಂಟರಿ ಹೇಳುವುದು ಅವಳ ಆಸೆ. ಆನ್‌ಲೈನ್ ಪಂದ್ಯ ನಡೆಸುವ ಒಂದು ಕಂಪನಿಯವರು ಅವಳ ದನಿ ಕೇಳಿ, ಟ್ರಯಲ್‌ಗೆ ಕರೆಯುತ್ತೇವೆ ಎಂದಿದ್ದರು. ಕಿವಿಗೇ ಏನೂ ಬೀಳದಿದ್ದರೆ ಬಾಯಿಂದ ಏನು ಹೇಳುತ್ತಾಳೆ?

ಸದ್ದು ತಾನಾಗಿಯೇ ಬಂತು, ಮರುದಿನ ಮತ್ತೆ ಹೋಯಿತು. ಸೆಟ್ಟಿಂಗ್‌ನಲ್ಲಿ ಹೆಡ್‌ಫೋನನ್ನು ಆಯ್ಕೆ ಮಾಡಿದರೆ ಒಂದು ಕ್ಷಣ ಕೇಳುತ್ತಿತ್ತು, ಮತ್ತೆ ಯಾರೋ ಕೈಯಿಂದ ಕಸಿದುಕೊಂಡಂತೆ ಮಾಯ. ಡ್ರೈವರ್ ತೆಗೆದು ಹೊಸದಾಗಿ ಹಾಕಿದಳು. ಹೆಡ್‌ಫೋನ್ ಚುಚ್ಚುವ ತೂತನ್ನು ಹತ್ತಿಯಿಂದ ಒರೆಸಿದಳು. ಬೇರೆ ಹೆಡ್‌ಫೋನ್ ತಂದಳು. ಬಾಂದ್ರಾದ ರಿಪೇರಿಯವನ ಬಳಿ ಒಯ್ದರೆ ಅಲ್ಲಿ ಅದು ಹಾಡಿದ್ದೇ ಹಾಡಿದ್ದು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಮನೆಯಲ್ಲೇ ಏನೋ ದೋಷ ಇರಬೇಕು ಎಂದು ನಕ್ಕ. ನನಗೆ ಮೈ ಉರಿಯಿತು. ಆದರೆ ಅವನ ಮಾತು ಲೋಕಲ್ ರೈಲು ಹತ್ತಿದರೂ ನನ್ನನ್ನು ಬಿಡಲಿಲ್ಲ.

ಯಾಕೆಂದರೆ ಒಂದು ಸಂಗತಿಯನ್ನು ನಾನು ಗಮನಿಸಿದ್ದೆ. ಸದ್ದು ಹೋಗುತ್ತಿದ್ದದ್ದು ಗಂಡ ಹೋಟೆಲಿಗೆ ಹೋದ ಮೇಲೆ. ಅವರ ರಜೆಯ ದಿನ ಏನೂ ಆಗುತ್ತಿರಲಿಲ್ಲ. ಅತ್ತೆಯೂ ಹಾಗೇ ಇದ್ದರು. ಮಗ ಮನೆಯಲ್ಲಿದ್ದರೆ ಹಸುವಿನಷ್ಟು ಸಾಧು, ಅವರು ಮೆಟ್ಟಿಲು ಇಳಿದ ಮೇಲೆ ನನ್ನೊಡನೆ ಶುರು. ನಾನು ಧಾರವಾಡದವಳು, ಅವರು ಉಡುಪಿ ಕಡೆಯವರು. ನನ್ನ ಸಾರಿನಿಂದ ಹಿಡಿದು ನನ್ನ ಮಾತಿನವರೆಗೆ ಯಾವುದೂ ಅವರಿಗೆ ಹಿಡಿಸಿದ್ದಿಲ್ಲ. ಮೊಮ್ಮಗಳೆಂದರೆ ಮಾತ್ರ ಪ್ರಾಣ. ಅವಳು ಆಡುವಾಗ ಪಕ್ಕದಲ್ಲೇ ಕೂತು, ಪರದೆಯ ಮೇಲೆ ಯಾರಾದರೂ ಬಿದ್ದಾಗೆಲ್ಲ, "ಈಗ ಸತ್ತದ್ದು ಯಾರು ಮಗಾ?" ಎಂದು ಕೇಳುತ್ತಿದ್ದರು. "ಮರ್ ಗಯಾ ಅಜ್ಜಿ, ಲೇಕಿನ್ ಫಿರ್ ಬರ್ತಾನೆ" ಎಂದು ಅವಳು ತನ್ನ ಮುರುಕು ಕನ್ನಡದಲ್ಲಿ ಸಮಾಧಾನ ಹೇಳುವಳು.

ಒಳಕೋಣೆಯಲ್ಲಿ ಅತ್ತೆಯ ಸ್ಟೀಲ್ ಕಪಾಟು ಇತ್ತು. ಅದನ್ನು ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕೊಟ್ಟರೆ ಮಗಳಿಗೆ ಒಂದು ಮೇಜು ಹಾಕಬಹುದು ಎಂದು ನಾನು ಹೇಳಿದ ದಿನವೇ ಗಂಡ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ್ದರು. ಅದರ ಮೇಲೆ ಅತ್ತೆಯ ಫೋಟೋ. ಹೋಟೆಲಿನವರು ದಿನದ ಮೊದಲ ಕಾಫಿಯನ್ನು ದೇವರ ಫೋಟೋದ ಮುಂದೆ ಇಡುತ್ತಾರಲ್ಲ, ಇವರು ಮನೆಯಿಂದ ಹೊರಡುವ ಮುಂಚೆ ಒಂದು ಲೋಟ ಕಾಫಿಯನ್ನು ಅಮ್ಮನ ಮುಂದೆ ಇಡುತ್ತಿದ್ದರು. ಆಗ ಒಬ್ಬರೇ ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುವರು. ಅಳುವುದಿದ್ದರೆ ಅಲ್ಲೇ ಅಳಲಿ ಎಂದು ನಾನೂ ಆ ಕಡೆ ಸುಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಒಣಗಿದ ಎಲೆಗಳ ಮೇಲೆ ಯಾರೋ ನಡೆದ ಹಾಗೆ ಕೇಳಿಸಿತು. ಬಹಳ ಸಣ್ಣಗೆ, ಬಟ್ಟೆಯೊಳಗೆ ಸುತ್ತಿಟ್ಟಂತೆ. ನಡಿಗೆ ಓಟವಾಯಿತು, ನಿಂತಿತು, ಏದುಸಿರು. ಬಗ್ಗಿ ಕಪಾಟಿಗೆ ಕಿವಿಯಿಟ್ಟೆ. ತಣ್ಣಗಿನ ತಗಡಿನ ಆಚೆಯಿಂದ ಒಂದು ದನಿ ಪಿಸುಗುಟ್ಟಿತು: "ಪೀಛೇ ದೇಖ್... ಪೀಛೇ."

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ, ಗೋಡೆಯ ಮೇಲೆ ನನ್ನ ಸೀರೆ ನೇತಾಡುತ್ತಿತ್ತು. ಹೊರಗೆ ಓಡಿಬಂದರೆ ಮಗಳು ಹೆಡ್‌ಫೋನ್ ನೆಲಕ್ಕೆಸೆದು ತಲೆ ಹಿಡಿದು ಕೂತಿದ್ದಾಳೆ. ಪಕ್ಕದ ಮನೆಯ ಟೀವಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ನೋಡಿದರೆ ಆ ಮನೆಗೆ ಬೀಗ, ಅವರೆಲ್ಲ ರತ್ನಾಗಿರಿಗೆ ಹೋಗಿದ್ದರು. ದೆವ್ವ ಗಿವ್ವ ಎಂದವರನ್ನೆಲ್ಲ ಆಡಿಕೊಂಡು ನಕ್ಕವಳು ನಾನು, ಈಗ ಯಾರ ಮುಂದೆ ಬಾಯಿ ಬಿಡಲಿ? ಅವತ್ತಿನಿಂದ ಬಟ್ಟೆಯನ್ನು ಅಡುಗೆಮನೆಯಲ್ಲಿ ಮಡಚತೊಡಗಿದೆ.

ಆಷಾಢದಲ್ಲಿ ಗಂಡನ ಕಡೆಯವರು ಸತ್ತವರಿಗೆ ಬಡಿಸುತ್ತಾರೆ. ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಒಳಗೆ ಕಾಲಿಡುವಂತಿಲ್ಲ. ಆಮೇಲೆ ಹಿರಿಯರು ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆರೆಯುತ್ತಾರೆ. ಹೋಟೆಲಿನ ರಜೆ ನೋಡಿಕೊಂಡು ಗಂಡ ಒಂದು ಭಾನುವಾರ ಗೊತ್ತುಮಾಡಿದರು. ಮಗಳ ಟ್ರಯಲ್ಲೂ ಅದೇ ಹೊತ್ತಿಗೆ ಎಂದು ಹಿಂದಿನ ಸಂಜೆ ಕಂಪನಿಯಿಂದ ಫೋನು. ಇಬ್ಬರಲ್ಲಿ ಯಾರೂ ಬಗ್ಗಲಿಲ್ಲ. ಕೊನೆಗೆ ಅವಳು ಬಿಲ್ಡಿಂಗಿನ ಪ್ಯಾಸೇಜಿನಲ್ಲೇ ಪಕ್ಕದವರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು.

ಒಳಗೆ ಕೋಳಿಸಾರು, ನೀರುದೋಸೆ, ಕಾಫಿ ಎಲ್ಲ ಬಡಿಸಿಯಾಯಿತು. ಕಡೆಗೆ ಗಂಡ ಒಬ್ಬರೇ ಒಳಗಿದ್ದು, ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಹೊರಗೆ ಮಳೆ, ಪ್ಯಾಸೇಜಿನಲ್ಲಿ ಹಗಲಲ್ಲೇ ಕತ್ತಲು. ಮಗಳು ಹೆಡ್‌ಫೋನಿನಲ್ಲಿ ಯಾರಿಗೋ ನಮಸ್ಕಾರ ಹೇಳಿ ನಗುತ್ತಿದ್ದಳು. ಹಾಗೇ ಅವಳ ನಗು ನಿಂತಿತು.

ಆಗ ಮುಚ್ಚಿದ ಬಾಗಿಲಿನ ಒಳಗಿನಿಂದ ಒಬ್ಬ ಹೆಂಗಸು ಸ್ಪಷ್ಟವಾಗಿ ಕೇಳಿದಳು: "ಹಲೋ? ಆವಾಜ್ ಆ ರಹೀ ಹೈ?"

ಅತ್ತೆಯೇ ಎಂದುಕೊಂಡೆ. ಅತ್ತೆಯ ಹಿಂದಿ ತರಕಾರಿಯವನನ್ನು ದಾಟಿ ಮುಂದೆ ಹೋದದ್ದಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲೇ ಇಲ್ಲ. ಒಳಗಿನ ದನಿ ಮತ್ತೆ ಅದನ್ನೇ ಕೇಳಿತು. ಗಂಡ ಬಾಗಿಲಿಗೆ ಅಂಗೈ ಊರಿ ನಿಂತರು, ಕಣ್ಣು ತುಂಬಿತ್ತು.

"ಕೇನುಂಡು ಅಮ್ಮಾ" ಎಂದರು ತುಳುವಿನಲ್ಲಿ. ಕೇಳಿಸ್ತಾ ಉಂಟು ಅಮ್ಮಾ.

"ಪಪ್ಪಾ, ವೋ ಮೇರೀ ಟ್ರಯಲ್ ಕಾಲ್ ಹೈ" ಎಂದಳು ಮಗಳು. "ಒಳಗೆ ಅಜ್ಜಿ ಸ್ಪೀಕರ್ ಆನ್ ಇದೆಯಾ?"

ಅಂಗೈಯಗಲದ ಆ ಬ್ಲೂಟೂತ್ ಸ್ಪೀಕರನ್ನು ನಾನು ಮರೆತೇಬಿಟ್ಟಿದ್ದೆ. ಅತ್ತೆ ಅದರಲ್ಲಿ ಯಕ್ಷಗಾನ ಕೇಳುತ್ತಿದ್ದರು. ಅವರ ಫೋನು ಕೆಟ್ಟಿದ್ದ ಒಂದು ದಿನ ಮಗಳು ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟಿದ್ದಳಂತೆ. ನಾವೆಲ್ಲ ಮರೆತರೂ ಯಂತ್ರ ಮರೆತಿರಲಿಲ್ಲ. ಸ್ಪೀಕರಿನ ಗುಂಡಿ ಒತ್ತಿದಾಗೆಲ್ಲ ಸದ್ದು ಅಲ್ಲಿಗೇ ಓಡುತ್ತಿತ್ತು. ಒತ್ತುತ್ತಿದ್ದವರು ಯಾರೆಂದು ಗಂಡನ ಮುಖವೇ ಹೇಳಿತು.

"ಅಮ್ಮನ ಬೆರಳಿಗೆ ಆ ಗುಂಡಿ ಸಿಗ್ತಿರ್ಲಿಲ್ಲ ಅಲ್ವಾ. ಹೊರಡುವಾಗ ನಾನೇ ಹಾಕಿ ಹೋಗುವುದಿತ್ತು. ಈಗ್ಲೂ ಸೀರೆ ನಡುವೆ ಇಟ್ಟು ಹಾಕ್ತೇನೆ, ಇವತ್ತು ಕಪಾಟು ತೆರೆದೇ ಇಟ್ಟೆ. ಮನೆ ಸದ್ದಿಲ್ಲದೆ ಇದ್ರೆ ಅವಳಿಗೆ ಹೆದ್ರಿಕೆ" ಎಂದರು.

ಮಗಳು ಪರದೆಯ ಮುಂದೆ ಕೈಸನ್ನೆ ಮಾಡುತ್ತಿದ್ದಳು, ಒಂದೇ ನಿಮಿಷ, ಒಂದೇ ನಿಮಿಷ. ಒಳಗಿನ ದನಿ, ಕೇಳದಿದ್ದರೆ ನಾವು ಮುಂದಿನವರನ್ನು ಕರೆಯುತ್ತೇವೆ ಎಂದಿತು. ಈಗ ಬಾಗಿಲು ತೆರೆದರೆ ಗಂಡನ ಲೆಕ್ಕದಲ್ಲಿ ಅಮ್ಮ ಅರ್ಧ ಊಟದಿಂದ ಎದ್ದು ಹೋಗುತ್ತಾಳೆ, ಹಸಿದೇ. ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಅವರು ಮಗಳನ್ನು ನೋಡಿದರು, ಕೆಮ್ಮಿದರು, ಚಿಲಕ ತೆಗೆದು ಒಳಗೆ ಹೋದರು.

"ಅಮ್ಮಾ, ಒಂತೆ ಮನಿಪಂದೆ ಕುಲ್ಲು" ಎಂದು ಅವರು ಹೇಳಿದ್ದು ನಮಗೆ ಕೇಳಿಸಿತು. ಸ್ವಲ್ಪ ಮಾತಾಡದೆ ಕೂತಿರು ಎಂದು. ಸ್ಪೀಕರು ಟುಂಗ್ ಎಂದು ಆರಿತು, ಮಗಳ ಕಿವಿಗೆ ಸದ್ದು ಬಂತು.

ಅವಳಿಗೆ ಆ ಕೆಲಸ ಸಿಕ್ಕಿತು. ಇನ್ನೊಂದು ಸಲ ಬಡಿಸಬೇಕಾದೀತು ಎಂದು ನಾನೇ ಹೇಳಿದರೂ ಗಂಡ ಬೇಡವೆಂದರು. ಮರುದಿನ ಹೊರಡುವಾಗ ಕಾಫಿ ಇಟ್ಟರು. ಸ್ಪೀಕರನ್ನು ಮುಟ್ಟಲಿಲ್ಲ. ಕೀಲಿಯನ್ನು ಕಪಾಟಿನಲ್ಲೇ ಬಿಟ್ಟು ಮೆಟ್ಟಿಲು ಇಳಿದರು. ಅವತ್ತು ಮನೆ ಎಷ್ಟು ಸುಮ್ಮನಿತ್ತೆಂದರೆ ನನಗೇ ಭಯವಾಯಿತು.

ಕಾಲೇಜಿನಿಂದ ಬಂದ ಮಗಳಿಗೆ ಆ ಸ್ಪೀಕರಿನ ಸಂಬಂಧ ಕಡಿದುಹಾಕು ಎಂದೆ. ಅವಳು ಹೂಂ ಎಂದವಳು ಸೀದಾ ಕಪಾಟು ತೆರೆದು, ಸೀರೆಗಳ ನಡುವೆ ಕೈ ಹಾಕಿ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿ ಬಂದು ಹೆಡ್‌ಫೋನ್ ಇಲ್ಲದೆ ಆಟಕ್ಕೆ ಕೂತಳು. ಒಳಕೋಣೆಯಿಂದ ಒಣಗಿದ ಎಲೆಗಳ ಮೇಲಿನ ಆ ನಡಿಗೆ ಶುರುವಾಯಿತು.

"ನಿನಗ ಹ್ಯಾಂಗ ಕೇಳಸ್ತದ?" ಎಂದೆ.

"ಮುಝೇ ತೋ ಸ್ಕ್ರೀನ್ ದಿಖ್ತಾ ಹೈ ಮಮ್ಮಿ. ಅಜ್ಜಿಗೆ ಗೊತ್ತಾಗ್ಬೇಕಲ್ಲ, ಈಗ ಸತ್ತದ್ದು ಯಾರು ಅಂತ."

ನಾನು ಮಡಚುವ ಬಟ್ಟೆಗಳನ್ನು ಎತ್ತಿಕೊಂಡು ಒಳಕೋಣೆಗೆ ಹೋದೆ. ಕಪಾಟಿನ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಕೂತೆ.